ನಾನು ನಕಲಿ ಎಂದು ಬರೆದ ಗೋಪುರ

ಹಳೆಯ ಕಟ್ಟಡಗಳ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮ ಕೋಲ್ಕತ್ತದ ಬಾಲಿಗಂಜಿನಲ್ಲಿ ಇಂಗ್ಲೆಂಡಿನ ಕೋಟೆಯಂತೆ ಕಟ್ಟಿದ ಕೋಟೆಮನೆಯನ್ನು ಸೋಮವಾರ ಕೆಡವಲು ತಾವು ಅನುಮತಿ ಕೊಟ್ಟಿದ್ದೀರಿ. ಅದಕ್ಕೆ ತೋರಿಸಿದ ಏಕೈಕ ಆಧಾರ ನನ್ನ ವಾಕ್ಯ. ‘ಗೋಪುರದ ಕಲ್ಲು ನಕಲಿ’ ಎಂದು ವಾಸ್ತುಶಿಲ್ಪ ಪದವಿಯ ಕೊನೆಯ ವರ್ಷದ ವರದಿಯಲ್ಲಿ ನಾನೇ ಬರೆದಿದ್ದೆ. ತರಗತಿಯಲ್ಲಿ ಅತಿ ಹೆಚ್ಚು ಅಂಕ ಅದಕ್ಕೇ ಬಂದಿತ್ತು. ನಲವತ್ತೆರಡು ಪುಟಗಳಲ್ಲಿ ತಮ್ಮ ಸಮಿತಿಗೆ ಓದಲು ಪುರುಸೊತ್ತಾದದ್ದು ಆ ಒಂದು ಸಾಲಿಗೆ ಮಾತ್ರ. ಇಂಗ್ಲಿಷಿನಲ್ಲಿ ಬರೆದ ನನ್ನ ಮೂರು ಪತ್ರಗಳಿಗೆ ಉತ್ತರವಿಲ್ಲ. ಇಲ್ಲಿನ ಕನ್ನಡ ಸಂಘದ ಯುಗಾದಿ ಊಟದಲ್ಲಿ ತಾವು ನನ್ನ ಎದುರು ಪಂಕ್ತಿಯಲ್ಲಿ ಕುಳಿತು ಹೋಳಿಗೆ ಉಂಡವರು. ಆದ್ದರಿಂದ ಇದನ್ನು ಕನ್ನಡದಲ್ಲಿ ಬರೆದು, ಸಂಘದ ಫಲಕದಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿದ್ದೇನೆ.

ಅಭ್ಯಾಸವಿಲ್ಲದಿದ್ದರೂ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಅಳತೆಗೆ ಹೋದ ದಿನ ಚಾಕುವಿನ ತುದಿಯಿಂದ ಗೋಪುರದ ಮೂಲೆಯನ್ನು ಕೆರೆದೆ. ಗಾರೆ ಉದುರಿತು, ಒಳಗೆ ಇಟ್ಟಿಗೆ ಕಂಡಿತು. ಇಂಗ್ಲೆಂಡಿನ ಕೋಟೆಗಳ ಚಿತ್ರ ನೋಡಿ ಪರೀಕ್ಷೆ ಗೆದ್ದವಳಿಗೆ ಅಷ್ಟು ಸಾಕಾಯಿತು. ಕಳೆದ ವಾರ ಮತ್ತೆ ಹೋದಾಗ, ಆ ಮನೆ ಕಟ್ಟಿದ ಗಾರೆ ಕೆಲಸಗಾರನ ಮೊಮ್ಮಗ, ಎಪ್ಪತ್ತು ದಾಟಿದ ನಿತಾಯ್ ಕಾಕಾ, ನನ್ನನ್ನು ಸುರುಳಿ ಮೆಟ್ಟಿಲಿನಲ್ಲಿ ಗೋಪುರದ ನೆತ್ತಿಯ ಕೋಟೆತೆನೆಗಳವರೆಗೆ ಹತ್ತಿಸಿದರು.

“ದೀದಿ, ಈ ಬಂಗಾಳದ ಬಯಲಲ್ಲಿ ಎಲ್ಲಾದರೂ ಬಂಡೆ ನೋಡಿದ್ದೀಯಾ? ಸೆಣಬಿನ ಸಾಹುಕಾರ ಕೋಟೆಯೇ ಬೇಕೆಂದ. ನಮ್ಮಜ್ಜ ಸುಣ್ಣಕ್ಕೆ ಇಟ್ಟಿಗೆ ಪುಡಿ ಕಲಸಿ ಕಲ್ಲು ಮಾಡಿಕೊಟ್ಟ. ನಕಲಿಯಂತೆ! ನೀನೊಂದು ಗೆರೆ ಎಳೆದು ತೋರಿಸು.”

ಹಸಿ ಗಾರೆಯ ಮೇಲೆ ದಾರ ಬಿಗಿದು ಒತ್ತಿ, ಕಲ್ಲುಗಳ ಸಂದಿನಂತೆ ಗೆರೆ ಮೂಡಿಸುವುದು ಅವರ ಮನೆತನದ ಪದ್ಧತಿ. ನೂರಿಪ್ಪತ್ತು ಮಳೆಗಾಲ ಕಳೆದರೂ ಗೆರೆಯೊಳಗೆ ದಾರದ ಹುರಿಯ ಗುರುತು ಉಳಿದಿದೆ. ಬೆರಳಾಡಿಸಿ ನೋಡಿದೆ. ನನ್ನ ನಲವತ್ತೆರಡು ಪುಟಗಳಲ್ಲಿ ಅದಿಲ್ಲ.

“ಫಸ್ಟ್ ಬಂದಾಕಿ ನೀನ ಬರದೀಯಲ್ಲ. ಈಗ ಯಾರ ಮ್ಯಾಲವಾ ಸಿಟ್ಟು?” ಎಂದರು ಫೋನಿನಲ್ಲಿ ಧಾರವಾಡದ ನನ್ನ ಅಪ್ಪ. ತಮ್ಮ ಮೇಲೆ, ಮಾನ್ಯರೇ. ಇಪ್ಪತ್ತೆರಡು ವರ್ಷದ ನಾನು ಅವಸರದಲ್ಲಿ ಬರೆದೆ. ಪರಿಶೀಲನೆಯೇ ಉದ್ಯೋಗವಾಗಿರುವ ಹನ್ನೊಂದು ಮಂದಿ ಸದಸ್ಯರಲ್ಲಿ ಒಬ್ಬರಾದರೂ ಆ ಮೆಟ್ಟಿಲು ಹತ್ತಲಿಲ್ಲವೇಕೆ? ಮನೆ ಕೆಡವಿದ ಮೇಲೆ ಅಲ್ಲಿ ಏಳಲಿರುವ ಕಾಲ್ ಸೆಂಟರಿನಲ್ಲಿ ನಮ್ಮ ಪಕ್ಕದ ಮನೆಯ ಸುಷ್ಮಿತಾ, ‘ಸೂಸನ್’ ಎಂಬ ಹೆಸರಿನಲ್ಲಿ ಅಮೆರಿಕದವರ ಹಾಗೆ ಮಾತನಾಡಿದರೆ ಅದು ಪ್ರಗತಿ. ಇಟ್ಟಿಗೆ ಕಲ್ಲಿನ ಹಾಗೆ ಕಂಡರೆ ಮಾತ್ರ ನಕಲಿಯೇ?

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗೋಪುರದ ಬುಡದಲ್ಲಿ ಕಾಯುತ್ತೇನೆ. ಐವತ್ತಮೂರು ಮೆಟ್ಟಿಲು. ಹತ್ತಿ, ಆ ಗೆರೆಯ ಮೇಲೆ ಬೆರಳಿಡಿ. ಆಮೇಲೂ ಕೆಡವಬೇಕೆನಿಸಿದರೆ ತಮ್ಮದೇ ವಾಕ್ಯ ಬರೆದು ಸಹಿ ಹಾಕಿ. ನನ್ನದನ್ನು ನಾನು ಹಿಂತೆಗೆದುಕೊಂಡಿದ್ದೇನೆ.

ಇಂತಿ,
ಅಂಕ ಗಳಿಸಿದ ಮೇಲೆ ಗೋಡೆ ಓದಲು ಕಲಿತ
ಮೈತ್ರಿ
ಲೇಕ್ ಮಾರ್ಕೆಟ್, ಕೋಲ್ಕತ್ತ, ಜುಲೈ ೨೦೦೫