‘ಬಿಡು’ ‘ಬೇಡು’ ಆದ ತಲೆ

ಫೆಬ್ರವರಿ ಮೂವತ್ತು, ೨೧೯೪
ದಾವಣಗೆರೆ

ನಿಜಗುಣ,

ತಾರೀಖು ನೋಡಿ ನಗಬೇಡ, ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ನೀನು ನನ್ನ ಮುತ್ತಜ್ಜನ ಅಜ್ಜನ ಅಣ್ಣ, ‘ನೀವು’ ಎನ್ನಬೇಕು. ಆದರೆ ನಿನಗೆ ಇಪ್ಪತ್ತನಾಲ್ಕು, ನನಗೆ ಐವತ್ತೊಂದು, ಮೇಲಾಗಿ ಸಿಟ್ಟು ಬಂದಿದೆ. ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಪತ್ರ, ಒಬ್ಬರಿಗೆ ಜನ್ಮಕ್ಕೊಂದೇ. ಅದೂ ನೂರೈವತ್ತು ವರ್ಷಕ್ಕಿಂತ ಈಚೆಯವರಿಗೆ ತಲುಪದು. ತಲುಪುವಂತಿದ್ದರೆ ನನ್ನ ತಮ್ಮನಿಗೇ ಬರೆಯುತ್ತಿದ್ದೆ.

ನಾನು ಇಲ್ಲಿನ ಕಾಗುಣಿತ ಮನೆಯಲ್ಲಿ ಓದುಗಿತ್ತಿ. ಮಕ್ಕಳ ಪಾಠವಲ್ಲ ಮಾರಾಯ. ಮೆದುಳಿನ ಜೀನ್‌ಗಳನ್ನು ನಾವು ಅಕ್ಷರ ಎನ್ನುತ್ತೇವೆ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ಹೇಳುವ ಗುರುತುಗಳೇ ಕಾಗುಣಿತ. ಬೆಳಿಗ್ಗೆ ಜನ ಬಂದು ಸಾಲಾಗಿ ಕೂರುತ್ತಾರೆ, ತಲೆಗೊಂದು ಒದ್ದೆ ಬಟ್ಟೆ ಸುತ್ತುತ್ತೇವೆ, ಅವರು ಒಂದು ಪೊಟ್ಟಣ ಮಂಡಕ್ಕಿ ಮುಗಿಸುವಷ್ಟರಲ್ಲಿ ಓದು ಮುಗಿದಿರುತ್ತದೆ. ನೀನು ನುಂಗುತ್ತಿದ್ದಂಥ ಉತ್ತೇಜಕ ಗುಳಿಗೆಗೆ ನಮ್ಮಲ್ಲಿ ‘ಚುರುಕು’ ಎಂದು ಹೆಸರು. ಅದನ್ನು ನುಂಗಿದವರ ಅಕ್ಷರ ಕೆಡುವುದಿಲ್ಲ, ಕಾಗುಣಿತ ಕೆಡುತ್ತದೆ. ‘ಬಿಡು’ ಎಂದಿದ್ದದ್ದು ‘ಬೇಡು’ ಆಗುತ್ತದೆ. ಗುಳಿಗೆ ನಿಲ್ಲಿಸಿ ತಿಂಗಳುಗಳಾದರೂ ಹಾಗೇ ಉಳಿದಿರುತ್ತದೆ.

ನನ್ನ ತಮ್ಮ ಮರುಳಸಿದ್ಧ ನಾಲ್ಕು ತಿಂಗಳು ಚುರುಕು ಮುಟ್ಟಿರಲಿಲ್ಲ. ಹೊಟ್ಟೆ ತುಂಬ ಉಣ್ಣುತ್ತಿದ್ದ, ನಗುತ್ತಿದ್ದ. ಅವನನ್ನು ಓದಿದ್ದು ನಾನೇ. ಒಳ್ಳೆಯ ಸುದ್ದಿ ಹೇಳುವ ಅವಸರದಲ್ಲಿ ಅಕ್ಷರ ಮಾತ್ರ ನೋಡಿ, “ಎಲ್ಲ ಸರಿಯಿದೆ ಕಣೋ” ಎಂದುಬಿಟ್ಟೆ. ಅವನು ಹಳೆಯ ಗೆಳೆಯರ ಬಳಿ ಹೊರಟಾಗ ತಡೆದರೆ, “ನೀನೇ ಓದಿದೀಯಲ್ಲ, ನಾನು ಆರಾಮಿದೀನಿ ಬಿಡಕ್ಕ” ಅಂದ. ಆ ‘ಬಿಡು’ ಬಾಯಲ್ಲಿತ್ತು, ತಲೆಯಲ್ಲಿರಲಿಲ್ಲ. ಅಲ್ಲಿ ಮತ್ತೆ ಚುರುಕು ನುಂಗಿದ, ಮಧ್ಯಾಹ್ನದ ಹೊತ್ತಿಗೆ ಅವನ ಎದೆಬಡಿತ ನಿಂತಿತ್ತು. ಕೊಂದವಳು ನಾನೇ ಎಂದು ದಿನವೂ ಅನಿಸುತ್ತದೆ.

ನಿನ್ನ ತಾಯಿಯ ಡೈರಿ ನನ್ನ ಬಳಿಯಿದೆ. “ಬಿಟ್ಟು ನಾಲ್ಕು ತಿಂಗಳಾಯ್ತು. ನಾಳೆ ಗುರುವಾರ ಗೆಳೆಯರನ್ನ ನೋಡ್ಕೊಂಡು ಬರ್ತೀನಿ ಅಂತಾನೆ. ಹೋಗಿ ಬರಲಿ ಪಾಪ” ಎಂದು ಬರೆದಿದ್ದಾಳೆ. ಆಮೇಲಿನ ಪುಟಗಳೆಲ್ಲ ಖಾಲಿ.

ಈ ಪತ್ರ ನಿನಗೆ ಬುಧವಾರ ಸಿಗುತ್ತದೆ. ಹೋಗಬೇಡವೋ. ನೀನು ಕೆಟ್ಟವನೂ ಅಲ್ಲ, ಕೈಲಾಗದವನೂ ಅಲ್ಲ. ನಿನ್ನ ಕಾಗುಣಿತ ಇನ್ನೂ ಸರಿಹೋಗಿಲ್ಲ, ಅಷ್ಟೇ. ಅಮ್ಮನಿಗೆ ಇದನ್ನು ಓದಿ ಹೇಳು, ಅವಳ ಜೊತೆ ಡಾಕ್ಟರ ಹತ್ತಿರ ಹೋಗು. ನಾನಿಲ್ಲಿ ಆ ಡೈರಿಯ ಶುಕ್ರವಾರದ ಪುಟ ತೆರೆದಿಟ್ಟುಕೊಂಡು ಕೂತಿದ್ದೇನೆ. ಇವತ್ತು ಮಗ ಎರಡು ರೊಟ್ಟಿ ಹೆಚ್ಚಿಗೆ ತಿಂದ ಎಂದಾದರೂ ಅವಳು ಅಲ್ಲಿ ಬರೆಯಲಿ.

ಗಂಗಾಂಬಿಕೆ