ಕರಾರಿನ ‘ಲೋಡ್ ಮೂರು’ ಎಂದರೆ ಯಾವ ಮೂರು?

ವಿದ್ಯುತ್ ಕಚೇರಿಯ ಮೇಲಧಿಕಾರಿಗಳೇ, ಮಾನ್ಯರೇ,

ನನ್ನ ಏಳು ತಿಂಗಳ ಮಗಳು ಉಸಿರಾಡುವುದು ಮುನ್ನೂರೈವತ್ತು ವ್ಯಾಟಿನ ಮೇಲೆ. ಆ ಮುನ್ನೂರೈವತ್ತು ವ್ಯಾಟು ನಮ್ಮ ಬಾಡಿಗೆ ಮನೆಗೆ ಸಲ್ಲುತ್ತದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಬಲ್ಲ ಒಬ್ಬರೂ ಶಹಾಬಾದಿನಲ್ಲಿ ನನಗೆ ಈವರೆಗೆ ಸಿಕ್ಕಿಲ್ಲ. ಕರಾರು ಬರೆದವರು ಮಾಲೀಕರನ್ನು ಕೇಳಿ ಎಂದರು. ಮಾಲೀಕರು ಕರಾರು ಓದಿಕೊಳ್ಳಿ ಎಂದರು. ತಮ್ಮ ಕಚೇರಿಯವರು ಕರಾರಿಗೂ ನಮಗೂ ಸಂಬಂಧವಿಲ್ಲ ಎಂದರು. ಹೀಗಾಗಿ ನಾಲ್ಕು ಜನ ಓದುವ ಪತ್ರಿಕೆಯಲ್ಲೇ ತಮ್ಮನ್ನು ಕೇಳುತ್ತಿದ್ದೇನೆ.

ಮಗಳು ಶಿವರಂಜನಿ ದಿನ ತುಂಬುವ ಮೊದಲೇ ಹುಟ್ಟಿದಳು. ಪುಪ್ಪುಸ ಇನ್ನೂ ಬಲಿತಿಲ್ಲ. ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಒಂದು ಯಂತ್ರದೊಂದಿಗೆ ಕಲಬುರಗಿಯ ಡಾಕ್ಟರು ಅವಳನ್ನು ಮನೆಗೆ ಕಳಿಸಿದರು. ಇನ್ನೂ ನಾಲ್ಕು ತಿಂಗಳು ಅದು ಹಗಲಿರುಳು ನಡೆಯಬೇಕು. ಮನೆಗೆ ಕರೆಂಟು ಸರಿಯಾಗಿದೆಯೇ ಎಂದು ಅವರು ಕೇಳಿದಾಗ ನಾನು ಧೈರ್ಯವಾಗಿ ಹೌದು ಎಂದೆ. ಕಂಬದಿಂದ ತಂತಿ ಬಂದಿದೆ, ಮೀಟರು ತಿರುಗುತ್ತದೆ, ಬಿಲ್ಲು ಬರುತ್ತದೆ. ಇನ್ನೇನು ಬೇಕು ಎಂದುಕೊಂಡಿದ್ದೆ.

ನಮ್ಮ ಕರಾರಿನ ಏಳನೆಯ ಸಾಲು ಹೀಗಿದೆ: ‘ಮನೆಯ ಲೋಡ್ ಮೂರು ಇದ್ದು, ಬಾಡಿಗೆದಾರರು ಇದನ್ನು ಮೀರತಕ್ಕದ್ದಲ್ಲ.’ ಬರೆದವರು ತಹಸೀಲಿ ಕಚೇರಿಯ ಎದುರು ಕೂತು ಕಾಗದಪತ್ರ ಬರೆದುಕೊಡುವ ಶೌಕತ ಅಲಿ ಅವರು. ಮಾಲೀಕರು ಹೇಳಿದ್ದನ್ನು ಹೇಳಿದಂತೆ ಬರೆದರು, ಅವರದೇನೂ ತಪ್ಪಿಲ್ಲ. ಮಾನ್ಯರೇ, ತಾವು ಬೇರೆ ಊರಿನವರಿರಬಹುದು. ನಮ್ಮಲ್ಲಿ ಲೋಡ್ ಎಂದರೆ ಒಂದು ಲಾರಿ ಫರ್ಸಿ, ನೆಲಕ್ಕೆ ಹಾಸುವ ಕಲ್ಲು. ಎಷ್ಟು ಲೋಡ್ ಹೋಯಿತು, ಎಷ್ಟು ಲೋಡ್ ಬಂತು ಎಂದು ಕೇಳುತ್ತಲೇ ಇಲ್ಲಿಯ ಮಕ್ಕಳು ಬೆಳೆಯುತ್ತವೆ. ನನ್ನ ಗಂಡ ಕಾಶೀನಾಥ ಫರ್ಸಿ ವ್ಯಾಪಾರ ಮಾಡುವವರು. ಅಂಗಳದಲ್ಲಿ ಮೂರು ಲಾರಿ ಕಲ್ಲಿಗಿಂತ ಹೆಚ್ಚು ಒಟ್ಟಬಾರದು ಎಂದೇ ಅವರು ಆ ಸಾಲನ್ನು ಓದಿ ಸಹಿ ಮಾಡಿದರು. ಮೀರಿದರೆ ಬೆಂಕಿ ಹತ್ತುತ್ತದೆ ಎಂದು ಮಾಲೀಕರು ಎಚ್ಚರಿಸಿಯೂ ಇದ್ದರಂತೆ.

“ಕಲ್ಲಿಗಿ ಹ್ಯಾಂಗ ಬೆಂಕಿ ಹತ್ತತದ ಅಂತ ಕೇಳ್ಬೇಕಂದೆ. ದೊಡ್ಡೋರ ಮುಂದ ಯಾಕ ಬೇಕಂತ ಸುಮ್ಮಾದೆ” ಎಂದು ನನ್ನ ಗಂಡ ಈಗ ಹೇಳುತ್ತಾರೆ. ದೀಪಾವಳಿಗೆ ನಾಲ್ಕನೆಯ ಲಾರಿ ಬಂದಾಗ ಕರಾರು ಮುರಿಯಬಾರದೆಂದು ಅದನ್ನು ಭಂಕೂರದ ನನ್ನ ತವರಿನ ಹಿತ್ತಿಲಿಗೆ ಕಳಿಸಿದ್ದರು. ನಗಬೇಡಿ. ನಾನು ಬಿ.ಎಸ್ಸಿ. ಓದಿದವಳು, ವ್ಯಾಟ್ ಎಂದರೇನೆಂದು ಐದು ಅಂಕಕ್ಕೆ ಉತ್ತರ ಬರೆದವಳು. ಆ ಸಾಲನ್ನು ನಾನೂ ಓದಿದ್ದೆ. ನನಗೂ ಕಲ್ಲೇ ಕಂಡಿತು.

ಅದು ಕಲ್ಲಲ್ಲ ಎಂದು ತಿಳಿದದ್ದು ಈ ಮೇ ತಿಂಗಳ ಒಂದು ಮಧ್ಯಾಹ್ನ. ಅದೇ ಕಟ್ಟಡದ ಪಕ್ಕದ ಪಾಲಿನಲ್ಲಿ ಬಾಡಿಗೆಗಿರುವ ಸಾಯಬಣ್ಣನವರು ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಕೂಲರ್ ಹಚ್ಚಿ ಮಲಗಿದ್ದರು. ಹಿಂದಿನ ಪಾಲಿನಲ್ಲಿ ಬಟ್ಟೆ ಹೊಲಿಯುವ ನಾಹಿದ ಮದುವೆಯ ಬಟ್ಟೆಗಳಿಗೆ ಇಸ್ತ್ರಿ ಮಾಡುತ್ತಿದ್ದಳು. ನಳಕ್ಕೆ ನೀರು ಬಂತೆಂದು ಯಾರೋ ಮೋಟಾರು ಹಾಕಿದರು. ಇಡೀ ಮನೆಯ ಕರೆಂಟು ಹೋಯಿತು. ಯಂತ್ರ ಕೂಗಿಕೊಂಡು ನಿಂತಿತು. ಬಿದ್ದ ಸ್ವಿಚ್ಚನ್ನು ಎತ್ತಿದರೆ ಮುಗಿಯುತ್ತಿತ್ತು, ಆದರೆ ಆ ಪೆಟ್ಟಿಗೆ ಇರುವುದು ಮಾಲೀಕರ ಬೀಗ ಹಾಕಿದ ವರಾಂಡದಲ್ಲಿ. ಅವರು ಸೇಡಂಗೆ ಮದುವೆಗೆ ಹೋಗಿದ್ದರು. ಇಂಥ ಹೊತ್ತಿಗೆಂದು ಇಟ್ಟುಕೊಂಡ ಆಮ್ಲಜನಕದ ಸಣ್ಣ ಸಿಲಿಂಡರು ಅಂದೇ ತುಂಬಿಸಲು ಕಲಬುರಗಿಗೆ ಹೋಗಿತ್ತು. ಮಗಳ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುವುದನ್ನು ನೋಡುತ್ತ ನಾನು ಅವಳನ್ನು ಎದೆಗೆತ್ತಿಕೊಂಡು ಅಂಗಳದಲ್ಲಿ ನಿಂತಿದ್ದೆ. ನಾಹಿದ ನನ್ನ ಗಂಡನ ಕಲ್ಲು ಒಡೆಯುವ ಸುತ್ತಿಗೆಯನ್ನು ತೆಗೆದುಕೊಂಡು ಹೋಗಿ ಬೀಗ ಒಡೆದು ಸ್ವಿಚ್ಚು ಎತ್ತಿದಳು. ಹನ್ನೊಂದು ನಿಮಿಷ. ಆ ಹನ್ನೊಂದು ನಿಮಿಷದ ನಂತರ ನನಗೆ ನಿದ್ದೆ ಎಂಬುದು ಬಂದಿಲ್ಲ. ಯಂತ್ರದ ಸದ್ದು ಕಿವಿಯಲ್ಲಿ ಇರುವವರೆಗೆ ಮಾತ್ರ ಕಣ್ಣು ಮುಚ್ಚುತ್ತೇನೆ.

ಊರಿಗೆ ಮರಳಿದ ಮಾಲೀಕರು ಮಗುವಿನ ಬಗ್ಗೆ ಕೇಳಿದರು, ಸುಳ್ಳು ಹೇಳಬಾರದು. ಆಮೇಲೆ ಬೀಗದ ಬಗ್ಗೆ ಕೇಳಿದರು. ಆಮೇಲೆ ಏಳನೆಯ ಸಾಲನ್ನು ತೋರಿಸಿದರು. ಲೋಡ್ ಎಂದರೆ ಮೂರು ಕಿಲೋವ್ಯಾಟು, ಮೀರಬಾರದೆಂದು ಬರೆದಿದೆ, ನಿಮ್ಮ ಯಂತ್ರವೇ ಮೀರಿಸಿರಬೇಕು ಎಂದರು. ಅಂದು ಸಂಜೆ ನಾವು ಮೂರೂ ಮನೆಯವರು ನಮ್ಮ ನಮ್ಮ ಕರಾರುಗಳನ್ನು ತಂದು ಕಟ್ಟೆಯ ಮೇಲೆ ಇಟ್ಟೆವು. ಮೂರರಲ್ಲೂ ಅದೇ ಸಾಲು, ಮೂರರಲ್ಲೂ ಲೋಡ್ ಮೂರು. ತಮ್ಮ ಕಚೇರಿಯ ಬಿಲ್ಲಿನಲ್ಲಿ ಮಂಜೂರಾದದ್ದು ಇಡೀ ಕಟ್ಟಡಕ್ಕೆ ಒಟ್ಟು ಮೂರು. ಸಾಯಬಣ್ಣನವರು ಮೂರೂ ಕಾಗದಗಳನ್ನು ಸಾಲಾಗಿ ಜೋಡಿಸಿ ಹೇಳಿದರು:

“ನಮ್ಮ ಮಾಲಕ ಭಾಳ ದೊಡ್ಡ ಮನಷ್ಯಾ ನೋಡ್ ತಂಗಿ. ಮೂರು ರೊಟ್ಟಿ ಬಡದು, ಮೂರೂ ಮನಿಗಿ ಹೋಗಿ ನಿಮಗ ಮೂರು ರೊಟ್ಟಿ ಇಟ್ಟೀನಿ ಅಂತ ಹೇಳಿ ಬಂದಾನ.”

ಒಂದೇ ಎಮ್ಮೆಯನ್ನು ಮೂರು ಜನಕ್ಕೆ ಮಾರಿದವನ ಮೇಲೆ ಠಾಣೆಯಲ್ಲಿ ದೂರು ದಾಖಲಾಗುತ್ತದೆ. ಒಂದೇ ಮೂರು ಕಿಲೋವ್ಯಾಟನ್ನು ಮೂರು ಮನೆಗೆ ಪೂರ್ತಿ ಪೂರ್ತಿಯಾಗಿ ಬರೆದುಕೊಟ್ಟರೆ ಅದಕ್ಕೆ ಏನೆನ್ನುತ್ತಾರೆ? ಅಲ್ಲಿ ‘ಹಂಚಿಕೊಂಡು’ ಎಂಬ ಒಂದು ಪದ ಇದ್ದಿದ್ದರೆ ಸಾಕಿತ್ತು. ನಾನು ಸಹಿಗೆ ಮೊದಲೇ ಕೇಳುತ್ತಿದ್ದೆ.

ಇದನ್ನು ಹೇಳಿಕೊಳ್ಳಲು ತಮ್ಮ ಕಚೇರಿಗೆ ಬಂದೆ. ತಮ್ಮ ಸಿಬ್ಬಂದಿ ಸಭ್ಯರು, ಕುಂದ್ರಿ ಎಂದರು, ನೀರು ಕೊಟ್ಟರು. ಲೋಡು ಮೂರು ನಮೂನೆಯದು ಎಂದು ತಿಳಿಸಿದರು: ಮನೆಯಲ್ಲಿರುವ ಎಲ್ಲ ಸಾಮಾನುಗಳ ಒಟ್ಟು ಒಂದು, ಕಚೇರಿ ಮಂಜೂರು ಮಾಡಿದ್ದು ಒಂದು, ಒಂದೇ ಹೊತ್ತಿಗೆ ನಿಜವಾಗಿ ಎಳೆದದ್ದು ಒಂದು. ನಮ್ಮ ಕರಾರಿನಲ್ಲಿ ಇರುವುದು ಯಾವುದು ಎಂದು ಕೇಳಿದೆ. ಅದು ಬರೆದವರಿಗೆ ಗೊತ್ತು ಎಂದರು. ಸಿಮೆಂಟ್ ಕಾರ್ಖಾನೆಗಳಿಗೂ ಹೀಗೆಯೇ ಬರೆಯುತ್ತೀರಾ ಎಂದೆ. ಇಲ್ಲವಂತೆ, ಅವರ ಒಪ್ಪಂದದಲ್ಲಿ ಈ ಒಂದು ಮಾತಿಗೇ ಪುಟಗಟ್ಟಲೆ ವ್ಯಾಖ್ಯೆ ಇರುತ್ತದಂತೆ. ಎಷ್ಟು, ಯಾವ ಹೊತ್ತಿಗೆ, ಯಾರ ಪಾಲಿಗೆ, ಮೀರಿದರೆ ಏನು, ಎಲ್ಲವೂ. ಸುಣ್ಣದ ಕಲ್ಲು ಸುಡುವ ಭಟ್ಟಿಗೆ ಇರುವ ಈ ಸ್ಪಷ್ಟತೆ ಕೂಸಿನ ಉಸಿರಿಗೆ ಬೇಡವೇ?

ಕೊನೆಗೆ, ಲೋಡ್ ಹೆಚ್ಚಿಸಿಕೊಡಿ, ಅರ್ಜಿ ನಾನೇ ಹಾಕುತ್ತೇನೆ ಎಂದೆ. ಆಗ ಸಿಬ್ಬಂದಿ ತುಸು ನೋವಿನಿಂದಲೇ ಹೇಳಿದರು: “ಮೀಟರ್ ಯಾರ ಹೆಸರಿಲೆ ಅದ ಅವ್ರೇ ಬರ್ಬೇಕ್ರಿ ಅಕ್ಕಾರ. ನೀವು ನಮ್ಮ ದಾಖಲ್ಯಾಗ ಇಲ್ಲೇ ಇಲ್ಲ.”

ಮಾಲೀಕರು ಬರುವುದಿಲ್ಲ. ಅರ್ಜಿ ಹಾಕಿದರೆ ತನಿಖೆಗೆ ಬರುತ್ತಾರೆ, ಒಂದು ಮೀಟರಿಗೆ ಮೂರು ಮನೆ ಏಕೆಂದು ಕೇಳುತ್ತಾರೆ ಎಂಬ ಅಂಜಿಕೆ ಅವರಿಗೆ. ಬೇರೆ ಮನೆ ನೋಡಿಕೊಳ್ಳಿ ಎನ್ನುವವರಿದ್ದಾರೆ. ನೋಡಿದ್ದೇನೆ. ಎರಡು ಮನೆಗಳ ಕರಾರಿನಲ್ಲಿ ‘ಲೈಟಿನ ಸೌಕರ್ಯ ಇರುತ್ತದೆ’ ಎಂದಷ್ಟೇ ಇತ್ತು. ನಮ್ಮದರಲ್ಲಿ ತಪ್ಪಾದರೂ ಒಂದು ಅಂಕಿ ಇದೆ, ಅಲ್ಲಿ ಅದೂ ಇಲ್ಲ. ತವರಿಗೆ ಹೋಗೋಣವೆಂದರೆ ಭಂಕೂರದ ಕಲ್ಲಿನ ಧೂಳು ಮಗುವಿಗೆ ಆಗದೆಂದು ಡಾಕ್ಟರು ಬೇಡವೆಂದಿದ್ದಾರೆ.

ಈಗ ನಮ್ಮ ಮೂರು ಮನೆಗಳು ಹೇಗೆ ನಡೆಯುತ್ತವೆ ಗೊತ್ತೇ? ನಾಹಿದ ಗೋಡೆ ತಟ್ಟಿ “ಇಸ್ತ್ರಿ ಹಚ್ಚಲೇನ್ ಅಕ್ಕಾ?” ಎಂದು ಕೇಳುತ್ತಾಳೆ. ನಾನು ಸಾಯಬಣ್ಣನವರ ಕಿಟಕಿಗೆ ಕಿವಿಗೊಟ್ಟು, ಕೂಲರ್ ಸದ್ದಿಲ್ಲದಿದ್ದರೆ ಹಚ್ಚು ಎನ್ನುತ್ತೇನೆ. ಬಿಸಿಲಿನಿಂದ ದಣಿದು ಬಂದ ಮನುಷ್ಯ ನನ್ನ ಮಗಳ ಸಲುವಾಗಿ ಬೆವರುತ್ತ ಮಲಗುವುದನ್ನು ನಾನು ದಿನಾ ನೋಡುತ್ತೇನೆ. ಇವರ ಒಳ್ಳೆಯತನ ಎಷ್ಟು ದಿನ ತಡೆಯಬೇಕು? ಅದಕ್ಕೂ ಒಂದು ಸಾಮರ್ಥ್ಯ ಇರುತ್ತದಲ್ಲವೇ?

ನನ್ನ ಬೇಡಿಕೆ ದೊಡ್ಡದಲ್ಲ. ಮನೆಯಲ್ಲಿ ಉಸಿರಾಟದ ಯಂತ್ರ ಇದ್ದರೆ ಬಾಡಿಗೆದಾರರ ಅರ್ಜಿಯನ್ನು ಕರಾರು ಮತ್ತು ಡಾಕ್ಟರ ಚೀಟಿಯ ಮೇಲೆಯೇ ಸ್ವೀಕರಿಸಿ, ಮಾಲೀಕರ ಸಹಿಗಾಗಿ ಕಾಯಬೇಡಿ. ಮೀಟರಿನ ಮೇಲೆ ಎಷ್ಟು ಮಂಜೂರಾಗಿದೆ, ಅದರ ಮೇಲೆ ಎಷ್ಟು ಮನೆ ಇವೆ ಎಂದು ಕಾಣುವಂತೆ ಬರೆಸಿ. ಬಾಡಿಗೆ ಕರಾರಿನಲ್ಲಿ ಪ್ರತಿ ಮನೆಯ ಪಾಲು ಎಷ್ಟು ಕಿಲೋವ್ಯಾಟು ಎಂದು ಅಕ್ಷರದಲ್ಲಿ ಬರೆಯಬೇಕೆಂದು ತಹಸೀಲಿಗೆ ತಾವೇ ಒಂದು ಪತ್ರ ಹಾಕಿ. ಪೆಟ್ಟಿಗೆಗೆ ಬೀಗ ಬೇಕೇ ಬೇಕೆಂದರೆ ಕೀಲಿ ಪ್ರತಿ ಮನೆಯಲ್ಲೂ ಇರಲಿ.

ಬರುವ ಗುರುವಾರದ ಗ್ರಾಹಕರ ಸಭೆಗೆ ಅಹವಾಲು ಇರುವವರು ಖುದ್ದಾಗಿ ಹಾಜರಿರಬೇಕೆಂದು ತಮ್ಮ ಕಚೇರಿ ತಿಳಿಸಿದೆ. ಬರುತ್ತೇನೆ. ಮಗಳನ್ನು ಬಿಟ್ಟು ನಾನು ಬರುವಂತಿಲ್ಲ, ಯಂತ್ರ ಬಿಟ್ಟು ಮಗಳು ಬರುವಂತಿಲ್ಲ. ಸಿಲಿಂಡರು ದಾರಿಗೆ ಸಾಕಾಗುತ್ತದೆ, ಸರದಿ ಕಾಯುವುದಕ್ಕೆ ಸಾಕಾಗುವುದಿಲ್ಲ. ಆದ್ದರಿಂದ ತಮ್ಮ ಮೇಜಿನ ಬಳಿಯ ಒಂದು ಪ್ಲಗ್ಗನ್ನು ನಮಗಾಗಿ ಖಾಲಿ ಬಿಡಿಸಿ. ಅದು ಮುನ್ನೂರೈವತ್ತು ವ್ಯಾಟು ತಡೆಯುತ್ತದೆಯೇ, ಅದೇ ತಂತಿಯ ಮೇಲೆ ಇನ್ನೇನೇನು ನಡೆಯುತ್ತಿರುತ್ತದೆ ಎಂಬುದನ್ನು ಬುಧವಾರದೊಳಗೆ ಬರವಣಿಗೆಯಲ್ಲಿ ತಿಳಿಸಿದರೆ, ಮಗುವನ್ನು ಎತ್ತಿಕೊಂಡು ಹೊರಡುತ್ತೇನೆ.

ಇಂತಿ,
ಓದು ಬಂದೂ ಕರಾರು ಓದಲು ಬಾರದ
ಅಂಬುಜಾ ಕಾಶೀನಾಥ
ಶಹಾಬಾದ