ಎರಡೂ ಬಾಗಿಲು ತೆರೆಸಿದ ಸಾಹೇಬರಿಗೆ

ಮಾನ್ಯ ವನ್ಯಜೀವಿ ಮುಖ್ಯಾಧಿಕಾರಿಗಳೇ,

ನಮ್ಮ ಖಾಸಗಿ ಅಭಯಧಾಮದಲ್ಲಿ ಗೌಜಲಕ್ಕಿಗಳು ಸತ್ತದ್ದೇಕೆ ಎಂದು ಕಾರಣ ಕೇಳಿ ನಿಮ್ಮ ಇಲಾಖೆ ನನಗೆ ನೋಟಿಸು ಕಳುಹಿಸಿದೆ. ಕಾರಣ ನೀವು. ನೋಟಿಸು ಮುಚ್ಚಿದ ಲಕೋಟೆಯಲ್ಲಿ ಬಂತು. ಉತ್ತರವನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಹಲ್ಲಿನ ವೈದ್ಯೆ. ಬೇರೆಯವರ ಬಾಯಿ ತೆರೆಸುವುದು ನನ್ನ ಕಸುಬು, ಇವತ್ತು ನನ್ನದೇ ತೆರೆಯಬೇಕಾಗಿ ಬಂದಿದೆ. ಊರಾಚೆ ಪಾಳುಬಿದ್ದಿದ್ದ ಇಟ್ಟಿಗೆ ಭಟ್ಟಿಯ ಜಾಗವನ್ನು ನಾನೂ ನನ್ನ ನಾದಿನಿಯೂ ಕೊಂಡು, ನಾಯಿ ಬೆಕ್ಕು ನುಸುಳದಂಥ ತಂತಿಬೇಲಿ ಹಾಕಿಸಿ, ಹುಲ್ಲನ್ನು ಅದರ ಪಾಡಿಗೆ ಬೆಳೆಯಲು ಬಿಟ್ಟೆವು. ಸುತ್ತಲಿನ ಬಯಲೆಲ್ಲ ಸೈಟುಗಳಾದ ಮೇಲೆ ಈ ನೆಲದ ಗೌಜಲಕ್ಕಿಗೆ ಉಳಿದ ಹುಲ್ಲು ಅದೊಂದೇ. ಅದು ಮೊಟ್ಟೆಯಿಡುವುದು ನೆಲದ ಮೇಲೆ. ಕಾವಿಗೆ ಕೂತ ಹೆಣ್ಣು ಯಾರಾದರೂ ತೀರಾ ಹತ್ತಿರ ಬಂದರೂ ಏಳುವುದಿಲ್ಲ, ತಾನು ಯಾರಿಗೂ ಕಾಣಿಸುತ್ತಿಲ್ಲ ಎಂದು ನಂಬಿ ಕೂತೇ ಇರುತ್ತದೆ. ನಾಯಿಯ ಮೂಗಿನ ಮುಂದೆ ಆ ನಂಬಿಕೆ ನಡೆಯುವುದಿಲ್ಲ. ಅದಕ್ಕೇ ನಮ್ಮಲ್ಲಿ ಎರಡು ಬಾಗಿಲು, ನಡುವೆ ಒಂದು ಕಾರು ನಿಲ್ಲುವಷ್ಟು ಜಾಗ. ಹೊರಗಿನದು ಮುಚ್ಚದೆ ಒಳಗಿನದು ತೆರೆಯಬಾರದು. ಹಾಲಿನವನಿಗೂ ಗೊತ್ತಿರುವ ನಿಯಮ ಇದು.

ನೀವು ನಮ್ಮನ್ನು ಅಭಿನಂದಿಸಲು ಸಾಲು ಕಾರುಗಳಲ್ಲಿ ಬಂದಿರಿ. "ಒಂದೊಂದೇ ಕಾರು ಬರ್ಲಿ" ಎಂದಳು ಬಾಗಿಲಲ್ಲಿದ್ದ ನಾದಿನಿ.

"ಸಾಹೇಬ್ರನ್ನ ಬೋನಲ್ಲಿ ನಿಲ್ಲಿಸ್ತೀರೇನ್ರೀ?" ಎಂದು ನಿಮ್ಮ ಆಪ್ತ ಸಹಾಯಕರು ರೇಗಿದರು.

"ನಮ್ಮಣ್ಣನೂ ಅದೇ ಬೋನಲ್ಲಿ ನಿಂತು ಬರೋದು. ಇನ್ನೂ ಅವನಿಗೆ ಏನೂ ಆಗಿಲ್ಲ."

"ಟೈಮಿಲ್ಲಮ್ಮ, ಎರಡೂ ತೆಗೀರಿ!"

ಅವಳು ಅಡ್ಡ ನಿಂತಳು. ನಿಮ್ಮ ಪೇದೆ ಅವಳ ತೋಳು ಹಿಡಿದು ಪಕ್ಕಕ್ಕೆ ಸರಿಸಿದ. ನಾನು ಓಡಿಬಂದು ನಿಮ್ಮ ಕಾರಿನ ಗಾಜು ತಟ್ಟಿದೆ. ನಮಸ್ಕಾರ ಮಾಡುತ್ತಿದ್ದೇನೆಂದು ತಿಳಿದು ನೀವು ಫೋನಿನಿಂದ ಕಣ್ಣೆತ್ತದೆ ಕೈಯೆತ್ತಿದಿರಿ. ಹೊರಡುವಾಗ ಮತ್ತೆ ತೆಗೆಯುವ ತಾಪತ್ರಯ ಬೇಡವೆಂದು ಎರಡೂ ಬಾಗಿಲನ್ನು ಹಾಗೇ ತೆರೆದಿಡಿಸಿ, ಪೇದೆಯನ್ನು ಕಾವಲಿಟ್ಟಿರಿ. ಯಾರಿಂದ ಕಾವಲು? ನಮ್ಮಿಂದ!

ಆಮೇಲೆ ಭಾಷಣ. ಖಾಸಗಿಯವರು ಮುಂದೆ ಬಂದರೆ ಇಲಾಖೆ ಬೆನ್ನಿಗೆ ನಿಲ್ಲುತ್ತದೆ ಎಂದಿರಿ. ನೀವು ಹಾಗೆನ್ನುವ ಹೊತ್ತಿಗೆ ನಿಮ್ಮ ಚಾಲಕರು ಬಾಗಿಲ ಬಳಿ ಊಟ ಮುಗಿಸಿ ಪೊಟ್ಟಣಗಳನ್ನು ಬಿಸಾಡಿದ್ದರು, ಪೊಟ್ಟಣದ ಹಿಂದೆ ಬೀದಿನಾಯಿಗಳು ಬಂದಿದ್ದವು. ಅವು ಒಳಗೆ ನುಗ್ಗಿದ್ದು ನಮಗೆ ಗೊತ್ತಾದದ್ದು ನಿಮ್ಮ ಧೂಳು ಅಡಗಿದ ಮೇಲೆ. ಅಟ್ಟಿಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಂದು ಹಕ್ಕಿಯೂ ಗೂಡು ಬಿಟ್ಟು ಓಡಿರಲಿಲ್ಲ. ನೋಡಿದ ಗೂಡಲ್ಲೆಲ್ಲ ಪುಕ್ಕ, ಒಡೆದ ಮೊಟ್ಟೆ. ನಾದಿನಿ ನೆಲಕ್ಕೆ ಕೂತು ಗೋಳೋ ಎಂದು ಅತ್ತಳು. ನನಗೆ ಅಳು ಬರಲಿಲ್ಲ, ಹೇಸಿಗೆಯಾಯಿತು. ಇವತ್ತಿಗೂ ಆಗುತ್ತಿದೆ.

ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಕೇಳಿದ್ದೆ. ನಮ್ಮಲ್ಲಿ ಬೇಲಿ ಪಾಪ ನೆಟ್ಟಗೇ ನಿಂತಿತ್ತು, ಮೇಯ್ದದ್ದು ಇಲಾಖೆ. ಈಗ ನೋಟಿಸಿನಲ್ಲಿ ನನ್ನ "ನಿರ್ಲಕ್ಷ್ಯ"ದ ಮಾತಿದೆ. ಅತ್ತೆ ಒಡೆದದ್ದು ಒಡಕು ಮಡಕೆ, ಸೊಸೆ ಒಡೆದದ್ದು ಹೊಸ ಮಡಕೆ! ಸಾಲದ್ದಕ್ಕೆ, ಉಳಿದ ಹಕ್ಕಿಗಳನ್ನು ಈ ವಾರವೇ ಇಲಾಖೆಯ "ಸುರಕ್ಷಿತ ಆವರಣ"ಕ್ಕೆ ಒಯ್ಯುತ್ತೀರಂತೆ. ಆ ಆವರಣವನ್ನು ನಾನು ಹೋಗಿ ನೋಡಿ ಬಂದೆ. ನಿಮ್ಮ ಕಚೇರಿಯ ಹಿಂದಿದೆ, ನೆಲಕ್ಕೆ ಸಿಮೆಂಟು, ಒಳಗೆ ಕಾಲು ಮುರಿದ ಕುರ್ಚಿಗಳು. ಕುರ್ಚಿಗಳನ್ನು ಮಾತ್ರ ನೀವು ಚೆನ್ನಾಗಿಯೇ ಸಂರಕ್ಷಿಸಿದ್ದೀರಿ.

ನಾಯಿಗಳ ಮೂಗಿಗೆ ಸಿಗದೆ ಉಳಿದಿರುವುದು ಒಂದೇ ಒಂದು ಹೆಣ್ಣು. ಭಟ್ಟಿಯ ಮೋಟುಗೋಡೆಯ ಹಿಂದೆ ಮೊಟ್ಟೆಗಳ ಮೇಲೆ ಕೂತಿದೆ. ಈಗ ಅದನ್ನು ಎಬ್ಬಿಸಿದರೆ ಮೊಟ್ಟೆಗಳು ತಣ್ಣಗಾಗುತ್ತವೆ, ಈ ಸೀಮೆಯಲ್ಲಿ ಗೌಜಲಕ್ಕಿಯ ವಂಶ ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ನನ್ನ ಒತ್ತಾಯ ಇಷ್ಟೇ: ನೋಟಿಸು ಹಿಂಪಡೆಯಿರಿ, ಮರಿಗಳು ಹೊರಬಂದು ನಡೆದಾಡುವವರೆಗೆ ಇಲಾಖೆಯ ಒಂದು ನರಪಿಳ್ಳೆಯೂ ಆ ಕಡೆ ಸುಳಿಯಬಾರದು. ಏನನ್ನಾದರೂ ವಶಪಡಿಸಿಕೊಳ್ಳಲೇಬೇಕು ಎಂದಿದ್ದರೆ ನನ್ನ ಚಿಕಿತ್ಸಾಲಯಕ್ಕೆ ಬನ್ನಿ. ನಾನು ಯಾವ ಮೊಟ್ಟೆಯ ಮೇಲೂ ಕೂತಿಲ್ಲ, ಕರೆದರೆ ಎದ್ದು ಬರುತ್ತೇನೆ.

ಇಂತಿ,
ತಮ್ಮ ಅಭಿನಂದನೆಯಿಂದ ಇನ್ನೂ ಚೇತರಿಸಿಕೊಳ್ಳದ
ಒಬ್ಬ ಹಲ್ಲಿನ ವೈದ್ಯೆ